ಮೊದಲು ಕೈ, ಆಮೇಲೆ ಕಾಲು

ಅವಳು ಬಂದದ್ದು ಮೊದಲು ನನ್ನ ಕಿವಿಗೆ ಗೊತ್ತಾಯಿತು. ಶ್ರೀರಂಗಪಟ್ಟಣದ ನನ್ನ ಬಾಡಿಗೆ ಮನೆಗೆ ನಾಲ್ಕು ಕಲ್ಲಿನ ಮೆಟ್ಟಿಲುಗಳಿವೆ. ಒಂದು ಭಾನುವಾರ ಬೆಳಿಗ್ಗೆ ಅವುಗಳ ಮೇಲೆ ಟಕ್, ಟಕ್ ಎಂದು ಲೋಹ ತಾಗುವ ಸದ್ದು. ಹೈ ಹೀಲ್ಸ್ ಅಲ್ಲ. ಹೀಲ್ಸಿನ ಸದ್ದು ಹಿಮ್ಮಡಿಯಿಂದ ಹುಟ್ಟುತ್ತದೆ. ಇದು ಮುಂಗಾಲಿನಿಂದ ಬರುತ್ತಿತ್ತು. ಯಾರಪ್ಪಾ ಇದು ಎಂದು ಎದ್ದು ಬರುವಷ್ಟರಲ್ಲಿ ಸದ್ದು ನಿಂತುಹೋಯಿತು. ಬಂದವಳು ನಮ್ಮ ಕಡೆಯ ಮರ್ಯಾದೆಯಂತೆ ಬೂಟನ್ನು ಬಾಗಿಲ ಹೊರಗೆ ಬಿಚ್ಚಿಟ್ಟು, ಬರಿಗಾಲಲ್ಲಿ ಹಾಲ್‌ನ ನಡುವೆ ನಿಂತಿದ್ದಳು. ಮೂವತ್ತೈದರ ಆಸುಪಾಸು, ಬಿಸಿಲಿಗೆ ಕಂದಿದ ಮುಖ, ಕೈಯಲ್ಲಿ ಹೆಲ್ಮೆಟ್.

"ಮಿಸ್, ಸೈಕಲ್ ಶಾಪ್ ಭಾಯ್ ಕಳ್ಸಿದ್ರು. ಅವ್ರ ಅಮ್ಮಂಗೆ ಶುಗರ್ ಚಪ್ಲಿ ಮಾಡ್ಕೊಟ್ಟಿದ್ದೀರಂತಲ್ಲ. ನಂಗೂ ಒಂದು ಕಾಲು ಮಾಡ್ಕೊಡಿ."

"ಕಾಲು ಮಾಡೋದು ದೇವರ ಡಿಪಾರ್ಟ್‌ಮೆಂಟು. ನಾನು ಕೆಳಗಡೆ ಸ್ಟಾಫು. ಕೂತ್ಕೋ," ಎಂದೆ.

ನಕ್ಕಳು, ಆದರೆ ಕೂರುವಾಗ ಬಲಗಾಲನ್ನು ಜೋಪಾನವಾಗಿ ಇಟ್ಟಳು. ಪಾಂಡವಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮೂರು ವರ್ಷದಿಂದ ಸೈಕಲ್ಲಿನ ಹುಚ್ಚು. ಇನ್ನೂರು ಕಿಲೋಮೀಟರ್ ಸವಾರಿಯೊಂದಕ್ಕೆ ಎರಡು ಸಲ ಹೆಸರು ಕೊಟ್ಟು ಎರಡು ಸಲವೂ ಅರ್ಧದಲ್ಲಿ ಬಿಟ್ಟಿದ್ದಳು. ಶ್ರೀರಂಗಪಟ್ಟಣದಿಂದ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಹೊಣಕೆರೆ ಮುಟ್ಟಿ ಅದೇ ದಾರಿಯಲ್ಲಿ ವಾಪಸ್ಸು. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಮೊದಲ ಸಲ ಕೆ.ಆರ್. ಪೇಟೆಯಲ್ಲೇ ಕೂತುಬಿಟ್ಟಳು. ಎರಡನೇ ಸಲ ನಾಗಮಂಗಲ ಮುಟ್ಟಿ, ಅಲ್ಲಿಂದ ಸೈಕಲ್ಲನ್ನು ಗೂಡ್ಸ್ ಆಟೋಗೆ ಹಾಕಿಕೊಂಡು ಬಂದಳು.

"ಉಸ್ರು ಸಾಕಾಗಿ ಅಲ್ಲ ಮಿಸ್. ತೊಡೆ ಸೋತೂ ಅಲ್ಲ. ಕಾಲು. ಇಲ್ಲಿ, ಬೆರಳ ಬುಡದಲ್ಲಿ, ಸುಣ್ಣ ಸುರ್ದಂಗೆ ಉರೀತದೆ. ಆಮೇಕೆ ಬೆರಳೇ ಇಲ್ವೇನೋ ಅನ್ನಂಗಾಯ್ತದೆ. ಮೂಳೆ ಡಾಕ್ಟ್ರು ನರ ಅಂದ್ರು. ಸೈಕಲ್ ಬುಟ್ಬುಡಮ್ಮ, ವಾಕಿಂಗ್ ಮಾಡು, ಸಾಕು ಅಂದ್ರು."

"ಬಿಟ್ಟುಬಿಡಬಹುದಲ್ಲ?"

ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆದಾಡಿದಳು. "ಬುಡಬ್ಯಾಡಿ, ಬುಡಬ್ಯಾಡಿ ಅಂತ ಗ್ರೌಂಡಲ್ಲಿ ದಿನಾ ಬಡ್ಕೊಳ್ಳೋಳು ನಾನೇಯ. ಎರಡು ಸೋಮವಾರ ಪ್ರೇಯರಲ್ಲಿ ನಿಂತ್ಕೊಂಡು, ಮಕ್ಳೇ ನಂಗೆ ಆಗ್ನಿಲ್ಲ ಅಂತ ಹೇಳಿವ್ನಿ. ಇನ್ನೈದು ವಾರಕ್ಕೆ ಇನ್ನೊಂದು ಸವಾರಿ ಐತೆ. ಅದೂ ಆಗ್ನಿಲ್ಲ ಅಂದ್ರೆ ಸೈಕಲ್ ಯಾರ್ಗಾದ್ರೂ ಕೊಟ್ಬುಡ್ತೀನಿ. ತೀರ್ಮಾನ ಮಾಡ್ಬುಟ್ಟಿವ್ನಿ."

ಅಷ್ಟು ಹೊತ್ತಿಗೆ ನನ್ನ ಕೈ ಅವಳ ಪಾದದ ಮೇಲಿತ್ತು. ಅಗಲವಾದ ಪಾದ. ಬೆರಳುಗಳು ಒಂದಕ್ಕೊಂದು ತಾಗದೆ, ಗದ್ದೆಯ ಬದುವನ್ನು ಹಿಡಿದು ನಡೆದು ಬೆಳೆದ ಪಾದ. ಹದಿನೈದು ವರ್ಷದವರೆಗೆ ಚಪ್ಪಲಿ ಹಾಕಿದ್ದೇ ಕಡಿಮೆಯಂತೆ. ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಆರನೇ ವಯಸ್ಸಿಗೇ ಬಿಗಿಯಾದ ಕಪ್ಪು ಶೂಗೆ ಒಗ್ಗಿ ಚೂಪಾದ ನನ್ನ ಪಾದ ಅದರ ಪಕ್ಕದಲ್ಲಿ ಪೆನ್ಸಿಲ್ ಬಾಕ್ಸಿನಂತೆ ಕಂಡಿತು.

ನಾನು ನಲವತ್ತು ವರ್ಷ ಒಂದು ಮಿಷನ್ ಆಸ್ಪತ್ರೆಯ ಫುಟ್‌ವೇರ್ ಸೆಕ್ಷನ್ನಿನಲ್ಲಿದ್ದೆ. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಕಾಲುಗಳಿಗೆ ಚಪ್ಪಲಿ ಮಾಡುವುದು ಕೆಲಸ. ಈಗ ಆ ಸೆಕ್ಷನ್ ಇಲ್ಲ. ಕಾಯಿಲೆ ಕಡಿಮೆಯಾಯಿತೆಂದು ಮುಚ್ಚಿದ್ದು. ಅದಕ್ಕೆ ಬೇಜಾರು ಮಾಡಿಕೊಳ್ಳುವುದು ಶೇಮ್‌ಫುಲ್. ಆದರೂ ಕೆಲವು ಸಂಜೆ ಗ್ರೈಂಡರಿಗೆ ಕೊಟ್ಟ ರಬ್ಬರಿನ ವಾಸನೆ ಸುಮ್ಮಸುಮ್ಮನೆ ನೆನಪಾಗುತ್ತದೆ. ಉಳಿದಿದ್ದ ಒಂದಷ್ಟು ಮೆತ್ತನೆಯ ರಬ್ಬರ್ ಶೀಟು, ಹಳೇ ಗ್ರೈಂಡರು, ಪಾದದ ಅಚ್ಚು ತೆಗೆಯುವ ಇಂಕ್ ಮ್ಯಾಟು ತಂದು ಹಿಂದಿನ ವರಾಂಡದಲ್ಲಿ ಇಟ್ಟುಕೊಂಡಿದ್ದೇನೆ. ಊರಿನ ಶುಗರ್ ಪೇಷೆಂಟುಗಳು ಬರುತ್ತಾರೆ.

ಅವಳ ಪಾದಕ್ಕೂ ಅದೇ ಕ್ರಮ ಮಾಡಿದೆ. ಸ್ಪರ್ಶ ಇದೆಯೇ ಎಂದು ತಿಳಿಯಲು ಕಣ್ಣು ಮುಚ್ಚಿಸಿ ನೈಲಾನ್ ಎಳೆಯಿಂದ ಅಂಗಾಲಿನ ಹತ್ತು ಕಡೆ ಮುಟ್ಟಿದೆ. ಹತ್ತಕ್ಕೆ ಹತ್ತೂ "ಹೂಂ" ಎಂದಳು. ಆಮೇಲೆ ಮ್ಯಾಟಿಗೆ ಇಂಕು ಸವರಿ, ಮೇಲೆ ಕಾಗದ ಹಾಸಿ ನಡೆಸಿದೆ. ಭಾರ ಎಲ್ಲಿ ಹೆಚ್ಚೋ ಅಲ್ಲಿ ಕಾಗದ ಕಪ್ಪಾಗುತ್ತದೆ. ಎರಡನೇ ಮತ್ತು ಮೂರನೇ ಬೆರಳಿನ ಬುಡದಲ್ಲಿ ದಟ್ಟ ಕಪ್ಪು. ನನಗೆ ಸಂತೋಷವೇ ಆಯಿತು. ಇಂಥದ್ದಕ್ಕೆ ಮದ್ದು ನನ್ನ ಬೆರಳ ತುದಿಯಲ್ಲೇ ಇತ್ತು: ಕಪ್ಪಾದ ಜಾಗದ ಕೆಳಗಲ್ಲ, ಅದಕ್ಕೆ ಸ್ವಲ್ಪ ಹಿಂದೆ ಒಂದು ಸಣ್ಣ ದಿಬ್ಬ ಇಡಬೇಕು. ಆಗ ಮೂಳೆಗಳು ಒಂದಿಷ್ಟು ಎತ್ತಿಕೊಂಡು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ. ಶೂ ಒಳಗಿನ ತೆಳು ಹಾಸನ್ನು ಕೇಳಿದೆ. ಹೊರಗೆ ಹೋಗಿ ಕಿತ್ತು ತಂದುಕೊಟ್ಟಳು.

ಹಾಸಿನ ಮೇಲೆ ಪಾದದ ಬೆವರಿನ ಗುರುತಿತ್ತು. ಬೆರಳುಗಳ ಕಡೆ ಮಾತ್ರ ತುದಿಯಲ್ಲಿ ಎರಡು ಬೆರಳಗಲ ಹೊಸದರಂತೆ ಚೊಕ್ಕಟ. ನೋಡಿದೆ. ನೋಡಿ, ಸೈಕಲ್ ತುಳಿಯುವಾಗ ಬೆರಳು ಊರುವುದಿಲ್ಲವೇನೋ ಎಂದು ನಾನೇ ಉತ್ತರ ಕೊಟ್ಟುಕೊಂಡೆ. "ಸೈಜು ಸರಿಯಿದೆಯಾ?" ಎಂದೆ. "ಕರೆಕ್ಟಾಗೈತೆ ಮಿಸ್," ಎಂದಳು.

ಆರು ಮಿಲಿಮೀಟರಿನ ದಿಬ್ಬ ಉಜ್ಜಿ ಅಂಟಿಸಿ ಕೊಟ್ಟೆ.

ಮೂರನೇ ದಿನ ಸಂಜೆ ಫೋನು. "ಮಿಸ್, ಚಿನಕುರಳಿ ದಾಟ್ನಿಲ್ಲ. ಮುಂಚೆ ಕೆ.ಆರ್. ಪೇಟೆ ಗಂಟಾದ್ರೂ ಓಯ್ತಿದ್ದೆ. ಈಗ ಕ್ವಾರಿ ಲಾರಿಗಳ ಪಕ್ಕ ಬೂಟು ಬಿಚ್ಕೊಂಡು ಕೂತಿವ್ನಿ. ಡ್ರೈವರ್‌ಗಳೆಲ್ಲ ಏನಕ್ಕಾ ಮುಳ್ಳಾ ಅಂತ ಕೇಳ್ತಾವ್ರೆ."

ನಾಚಿಕೆಯಾಯಿತು. ಯೋಚಿಸಿದರೆ ತಪ್ಪು ಸರಳ. ಚಪ್ಪಲಿಗೆ ಮೇಲೆ ಛಾವಣಿಯಿಲ್ಲ. ಏನು ಸೇರಿಸಿದರೂ ಕಾಲು ಮೇಲೇಳುತ್ತದೆ. ಮುಚ್ಚಿದ ಗಟ್ಟಿ ಬೂಟಿನಲ್ಲಿ ನಾನು ಸೇರಿಸಿದ್ದೆಲ್ಲ ಕಾಲಿನ ಜಾಗದಿಂದಲೇ ಕಳೆಯಬೇಕು. ಅಲ್ಲದೆ ನಾನು ತೆಗೆದ ಅಚ್ಚು ನಡೆಯುವ ಕಾಲಿನದು. ಪೆಡಲಿನ ಮೇಲೆ ಹಿಮ್ಮಡಿಗೆ ಕೆಲಸವೇ ಇಲ್ಲ. ನಾನು ಆ ಕಾಲು ಕೆಲಸ ಮಾಡುವುದನ್ನು ನೋಡಿಯೇ ಇರಲಿಲ್ಲ.

ಮರುದಿನ ಕೋಟೆಯ ಹತ್ತಿರದ ಸೈಕಲ್ ಶಾಪಿಗೆ ಹೋದೆ. ಭಾಯ್‌ಗೆ ಅರವತ್ತಾಗಿದೆ, ತಂದೆಯ ಕಾಲದ ಅಂಗಡಿ. ಗೇರ್ ಸೈಕಲ್ಲುಗಳು ಬಂದ ಮೇಲೆ ಕನ್ನಡಕ ಹಾಕಿಕೊಂಡು ಹೊಸದಾಗಿ ಎಲ್ಲ ಕಲಿತವರು. ನನ್ನನ್ನು ಒಂದು ಟ್ಯೂಬಿನ ಡಬ್ಬದ ಮೇಲೆ ಕೂರಿಸಿ ಅವಳು ಬಿಟ್ಟುಹೋಗಿದ್ದ ಬೂಟನ್ನು ಮಗುಚಿ ಹಿಡಿದರು.

"ನೋಡಿ ಅಮ್ಮಾ, ಕುದ್ರೆಗೆ ಲಾಳ ಹೊಡ್ದಂಗೆ. ಇದು ಕ್ಲೀಟು. ಪೆಡಲ್ ಮೇಲೆ ಇಟ್ಟು ತುಳಿದ್ರೆ ಖಟ್ ಅಂತ ಕಚ್ಕೊಳ್ತದೆ. ಹಿಮ್ಮಡಿ ಹೊರ್ಗಡೆ ತಿರುಗ್ಸಿದ್ರೆ ಬಿಡ್ತದೆ."

"ಇದಕ್ಕೇನಂತಾರೆ?"

"ಕ್ಲಿಪ್‌ಲೆಸ್."

"ಕ್ಲಿಪ್ ಆಗುತ್ತಲ್ಲ ಭಾಯ್?"

"ಅದೇ ನಾನೂ ಕೇಳ್ದೆ. ಮುಂಚೆ ಬೆರಳಿಗೆ ಪಂಜರ ಥರ ಒಂದು ಕ್ಲಿಪ್ಪಿತ್ತಂತೆ, ಅದಿಲ್ಲ ಅಂತ ಕ್ಲಿಪ್‌ಲೆಸ್ಸಂತೆ. ಅಂಗ್ರೇಜಿ ನಿಮ್ದು, ನೀವೇ ಸಂಭಾಳ್ಸಿ."

ಬೂಟಿನ ತಳ ಹಲಗೆಯಂತೆ ಗಟ್ಟಿ. ಅದರಲ್ಲಿ ಉದ್ದುದ್ದ ಎರಡು ಸೀಳು. ತಳದ ಹೊರಗೆ ಕ್ಲೀಟು, ಒಳಗೆ ಹಾಸಿನ ಕೆಳಗೊಂದು ಲೋಹದ ಪಟ್ಟಿ, ಎರಡನ್ನೂ ಹಿಡಿಯುವ ಎರಡು ಬೋಲ್ಟು. ಸೀಳಿನ ಉದ್ದಕ್ಕೆ ಕ್ಲೀಟನ್ನು ಹಿಂದೆ ಮುಂದೆ ಸರಿಸಬಹುದು. ಕಾಲಿನ ಕೆಳಗೆ ಲೋಹ! ನಮ್ಮ ಸೆಕ್ಷನ್ನಿನಲ್ಲಿ ಚಪ್ಪಲಿಗೆ ಒಂದೇ ಒಂದು ಮೊಳೆ ಹೊಡೆಯುವಂತಿರಲಿಲ್ಲ. ಎಲ್ಲ ಅಂಟು, ಹೊಲಿಗೆ. ಮೊಳೆ ಮೇಲೆದ್ದರೆ ನಮ್ಮ ಪೇಷೆಂಟಿಗೆ ತಿಳಿಯುವುದಿಲ್ಲವಲ್ಲ. ಅದಕ್ಕೇ ಆಸ್ಪತ್ರೆ ನಡೆಸುತ್ತಿದ್ದ ನಮ್ಮ ಸಿಸ್ಟರ್ ಸುಪೀರಿಯರ್ ಎಲ್ಲರಿಗೂ ಕಲಿಸುತ್ತಿದ್ದ ಮೊದಲ ಪಾಠ: ದಿನಾ ಬೆಳಿಗ್ಗೆ ಮೊದಲು ಕೈ, ಆಮೇಲೆ ಕಾಲು. ಒಳಗೆ ಕೈ ಹಾಕಿ ತಡವಿ ನೋಡದೆ ಯಾವುದನ್ನೂ ಮೆಟ್ಟಬಾರದು.

ಇದನ್ನೆಲ್ಲ ಭಾಯ್‌ಗೆ ವಿವರವಾಗಿ ಹೇಳಿದೆ. ಹೇಳುತ್ತ ಬೂಟಿನ ತಳವನ್ನೇ ನೋಡುತ್ತಿದ್ದೆ.

ಆ ಸಂಜೆ ಟೀಚರು ಬಂದಾಗ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ನಿಂತಲ್ಲೇ ತುಳಿಸಿದೆವು. ನೆಲದ ಮೇಲೆ ಕೂತು ಪಾದದ ಮಟ್ಟಕ್ಕೆ ಕಣ್ಣಿಟ್ಟೆ. ವಾಟ್ ಎ ಲವ್ಲಿ ಥಿಂಗ್! ನಲವತ್ತು ವರ್ಷ ಎಳೆದುಕೊಂಡು ಬರುವ ಕಾಲುಗಳನ್ನೇ ನೋಡಿದವಳು ನಾನು. ಇಷ್ಟು ದುಂಡಗೆ, ಇಷ್ಟು ಸಲೀಸಾಗಿ ಒಂದು ಪಾದ ತಿರುಗುವುದನ್ನು ನೋಡಿರಲಿಲ್ಲ. ತಳ್ಳುವ ಭಾರವೆಲ್ಲ ಕ್ಲೀಟಿನ ಮೇಲೆ, ಅಂದರೆ ನಾಲ್ಕು ನಾಣ್ಯ ಇಡುವಷ್ಟು ಜಾಗದ ಮೇಲೆ. ಅದು ಸರಿಯಾಗಿ ಬೆರಳ ಬುಡಕ್ಕೆ ಸಿಕ್ಕರೆ ಉರಿಯದೆ ಏನಾಗುತ್ತದೆ?

"ಹಿಂದಕ್ಕೆ ತಳ್ಳಿ ಭಾಯ್. ಎಷ್ಟು ಹೋಗುತ್ತೋ ಅಷ್ಟು."

ಸೀಳಿನ ಕೊನೆಯವರೆಗೆ ಸರಿಸಿ ಬಿಗಿದರು. ನನ್ನ ದಿಬ್ಬ ಕಿತ್ತು ಹಾಕಿದೆ. ಬೂಟಿನ ಮುಂದಿನ ಪಟ್ಟಿ ಸಡಿಲ, ಮೇಲಿನ ಪಟ್ಟಿ ಮಾತ್ರ ಬಿಗಿ ಎಂದು ಹೇಳಿಕೊಟ್ಟೆ. ಬೆರಳಿಗೆ ಜಾಗ ಬೇಕು, ಹಿಡಿತ ಮೇಲ್ಪಾದದಲ್ಲಿರಬೇಕು. ದಪ್ಪ ಸಾಕ್ಸ್ ಬಿಡಿಸಿ ತೆಳುವಾದದ್ದು ಹಾಕಿಸಿದೆ. ಸ್ಟ್ಯಾಂಡಿನ ಮೇಲೆ ಅರ್ಧ ಗಂಟೆ ತುಳಿದು ಅವಳು ಮುಖ ಅರಳಿಸಿದಳು. "ಏನೂ ಇಲ್ಲ ಮಿಸ್! ಹೂವಾದಂಗೈತೆ."

ರಸ್ತೆಯಲ್ಲಿ ಹೂವಾಗಲಿಲ್ಲ. ಭಾನುವಾರ ಚಿನಕುರಳಿ ದಾಟಿದಳು, ಆದರೆ ಕೆ.ಆರ್. ಪೇಟೆ ಸಮೀಪಿಸುವಾಗ ಅದೇ ಉರಿ. ಇನ್ನೊಂದು ದಿನ ತೊಣ್ಣೂರಿನ ಕೆರೆ ಏರಿಯವರೆಗೆ ಹೋಗಿ ಬಂದಳು. ಅಷ್ಟಕ್ಕೆ ಏನೂ ಇಲ್ಲ. ನಾನು ಟಿಪ್ಪಣಿ ಬರೆಯತೊಡಗಿದೆ. ಅಂಗಡಿಯಲ್ಲಿ ನೋವಿಲ್ಲ. ತಂಪಿನಲ್ಲಿ ನೋವಿಲ್ಲ. ಹತ್ತಿರಕ್ಕೆ ನೋವಿಲ್ಲ. ಬಿಸಿಲೇರಿ, ಎರಡು ಗಂಟೆ ಕಳೆದರೆ ನೋವು. ಕಾಲು ಊದಿಕೊಳ್ಳುತ್ತದೆ, ಸರಿ. ಆದರೆ ಮುಂದಿನ ಪಟ್ಟಿ ಸಡಿಲವಿದೆ, ಊದಿದರೆ ಜಾಗವಿರಬೇಕಲ್ಲ? ಏನೋ ಒಂದು ನನ್ನ ಕಣ್ಣಿಗೆ ಬೀಳುತ್ತಿಲ್ಲ. ಎ ನ್ಯಾಗಿಂಗ್ ಕ್ಯೂರಿಯಾಸಿಟಿ. ರಾತ್ರಿ ಊಟಕ್ಕೆ ಕೂತರೂ ಆ ಹಾಸಿನ ಚೊಕ್ಕಟ ತುದಿ ಕಣ್ಣ ಮುಂದೆ ಬರುತ್ತಿತ್ತು, ಯಾಕೆಂದು ತಿಳಿಯುತ್ತಿರಲಿಲ್ಲ.

ಸವಾರಿಗೆ ಹತ್ತು ದಿನ ಉಳಿದಿತ್ತು. ನಾನು ಒಂದು ತೀರ್ಮಾನಕ್ಕೆ ಬಂದೆ: ನೋವು ಬರುವ ಜಾಗಕ್ಕೆ, ನೋವು ಬರುವ ಹೊತ್ತಿಗೆ ನಾನೇ ಹೋಗಬೇಕು. ಭಾಯ್‌ಗೆ ಹೇಳಿದೆ.

"ಅರೆ ಅಮ್ಮಾ, ಈ ವಯಸ್ಸಲ್ಲಿ ರೇಸಾ? ಚಲೋ, ನನ್ನ ಹಳೇ ವ್ಯಾನು, ನೀವು, ನಾನು. ಟೀಚರು ಮುಂದೆ, ಮದ್ವೆ ಬಾರಾತು ಹಿಂದೆ," ಎಂದರು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೊರಟೆವು. ಬಿಸಿಲು ಬೇಕೆಂದೇ ಆ ಹೊತ್ತು. ಪಾಂಡವಪುರದ ಕಬ್ಬಿನ ಗಾಡಿಗಳ ಸಾಲು ದಾಟಿ, ಚಿನಕುರಳಿಯ ಕಲ್ಲಿನ ಧೂಳು ದಾಟಿ, ಅವಳು ಮುಂದೆ ಸಣ್ಣ ಕೆಂಪು ಚುಕ್ಕೆಯಾಗಿ ಹೋಗುತ್ತಿದ್ದಳು. ಕೆ.ಆರ್. ಪೇಟೆಗೆ ನಾಲ್ಕೈದು ಮೈಲಿ ಇರುವಾಗ ಬಲಗಾಲನ್ನು ಪೆಡಲಿನಿಂದ ಬಿಡಿಸಿ ಗಾಳಿಯಲ್ಲಿ ಒದರಿದಳು. ಮತ್ತೆ ಸಿಕ್ಕಿಸಿದಳು. ಮತ್ತೆ ಬಿಡಿಸಿದಳು. ಪೇಟೆಯ ಬಸ್‌ಸ್ಟ್ಯಾಂಡ್ ಪಕ್ಕದ ಟೀ ಅಂಗಡಿ ಮುಂದೆ ಇಳಿದಾಗ ತುಟಿ ಕಚ್ಚಿಕೊಂಡಿದ್ದಳು.

ಅಂಗಡಿಯ ಹೆಂಗಸು ಬೆಂಚಿನ ಮೇಲಿದ್ದ ಇಬ್ಬರನ್ನು ಎಬ್ಬಿಸಿದಳು. "ಏಳ್ರಲಾ, ಆ ಹೆಣ್ಮಗ ಕುಂತ್ಕೊಳ್ಲಿ. ಏನವ್ವಾ, ಚೇಳು ಕಡೀತಾ?"

"ಸೈಕಲ್ ಕಡೀತು ಕಣಕ್ಕಾ," ಎಂದು ಟೀಚರು ಆ ನೋವಿನಲ್ಲೂ ನಕ್ಕಳು.

ನನ್ನ ಉಪಾಯ ಹೀಗಿತ್ತು. ಹಾಸಿನ ಆಕಾರಕ್ಕೆ ಎರಡು ಕಾಗದ ಕತ್ತರಿಸಿ, ನಡುವೆ ನನ್ನ ಹಳೇ ಟೈಪಿಂಗ್ ಪೆಟ್ಟಿಗೆಯ ಕಾರ್ಬನ್ ಪೇಪರ್ ಇಟ್ಟುಕೊಂಡು ಬಂದಿದ್ದೆ. ಕಾಲು ಊದಿರುವಾಗಲೇ ಅದನ್ನು ಬೂಟಿನೊಳಗೆ ಹಾಸಿ ಒಂದು ಕಿಲೋಮೀಟರ್ ತುಳಿಸಿದರೆ, ಪೆಡಲಿನ ಮೇಲಿನ ಅಚ್ಚೇ ಸಿಗುತ್ತದೆ. ಅವಳ ಮುಂದೆ ಮಂಡಿಯೂರಿ ಬಲಗಾಲಿನ ಬೂಟನ್ನು ನಾನೇ ಎಳೆದುಕೊಂಡೆ.

"ಮಿಸ್, ತಡೀರಿ, ನಾನು..." ಎಂದು ಕೈ ಚಾಚಿದಳು.

ಅಷ್ಟರಲ್ಲಿ ಕಾಗದ ಹಿಡಿದ ನನ್ನ ಕೈ ಒಳಗೆ ಹೋಗಿತ್ತು. ಕಾಗದ ತುದಿಯವರೆಗೆ ಹೋಗಲಿಲ್ಲ. ಏನೋ ತಡೆಯಿತು. ಬೆರಳು ಹಾಕಿ ಎಳೆದೆ. ಒದ್ದೆಯಾಗಿ, ಒತ್ತಿ ಒತ್ತಿ ಮರದ ಗಂಟಿನಂತಾಗಿದ್ದ ಅರಳೆಯ ಉಂಡೆ. ಒಂದು ಸಣ್ಣ ನಿಂಬೆಹಣ್ಣಿನಷ್ಟು.

ಭಾಯ್ ಮೆಲ್ಲಗೆ "ಯಾ ಅಲ್ಲಾ" ಎಂದರು.

ಅವಳು ತಲೆ ತಗ್ಗಿಸಿದಳು. "ನನ್ನ ಕಾಲಿನ ಅಗಲಕ್ಕೆ ಬೂಟೇ ಸಿಕ್ಕಾಕಿಲ್ಲ ಮಿಸ್. ಉದ್ದ ಕರೆಕ್ಟಾದ್ರೆ ಪಕ್ಕದಲ್ಲಿ ಇರುಕ್ತದೆ. ಅದ್ಕೇ ಎರಡು ಸೈಜು ದೊಡ್ಡದು ತಗಂಡೆ. ಮುಂದೆ ಲೊಟಲೊಟ ಅನ್ನದು, ಅರಳೆ ತುರುಕ್ದೆ. ನಮ್ಮವ್ವ ಸ್ಕೂಲ್ ಶೂಗೂ ಇಂಗೇ ಮಾಡೋಳು."

"ಅಂಗಡಿಯಲ್ಲಿ ನೋಡಿದಾಗ ಇರಲಿಲ್ಲವಲ್ಲ?"

"ನಿಮ್ಮನೆ ಬಾಗ್ಲಲ್ಲಿ ಬಿಚ್ಚುವಾಗ್ಲೇ ಕಿತ್ತು ಜೇಬಿಗಿಟ್ಕೊತಿದ್ದೆ. ಭಾಯ್ ಅಂಗ್ಡೀಲೂ ಅಷ್ಟೇ. ನಾಚ್ಕೆ ಮಿಸ್. ದೊಡ್ಡ ಶೂ ಹಾಕ್ಕೊಂಡ್ ಬಂದ ಮಕ್ಳನ್ನ ಗ್ರೌಂಡಿಂದ ಆಚೆ ಕಳ್ಸೋ ಟೀಚರು ನಾನು. ನಾನೇ ಅರಳೆ ತುರುಕ್ತೀನಿ ಅಂತ ಎಂಗೇಳ್ಲಿ?"

ಅವಳಿಗಿಂತ ನನಗೆ ಹೆಚ್ಚು ನಾಚಿಕೆಯಾಗಿತ್ತು. ಹಾಸಿನ ಆ ಚೊಕ್ಕಟ ತುದಿ ಮೊದಲ ದಿನವೇ ಕೂಗಿ ಹೇಳಿತ್ತು. ನಾಗಮಂಗಲದ ಕಡೆಯಿಂದ ಒಬ್ಬ ಮುದುಕ ನಮ್ಮ ಆಸ್ಪತ್ರೆಗೆ ನಡೆದು ಬರುತ್ತಿದ್ದ. ಒಂದು ಸಲ ಅವನ ಚಪ್ಪಲಿಯಲ್ಲಿ, ಪಟ್ಟಿಯ ಕೆಳಗೆ, ಜಲ್ಲಿ ಚೂರೊಂದು ಸಿಕ್ಕಿಕೊಂಡಿತ್ತು. ಅಷ್ಟು ದೂರ ಅದರ ಮೇಲೆ ನಡೆದಿದ್ದ. ತೆಗೆದು ತೋರಿಸಿದಾಗ ಬೇರೆ ಯಾರದ್ದೋ ವಸ್ತು ನೋಡುವಂತೆ ನೋಡಿ, "ಇದು ನಂದಾ ತಾಯಿ?" ಎಂದಿದ್ದ. ಅವನ ಕಾಲು ಏನೂ ಹೇಳುತ್ತಿರಲಿಲ್ಲವಾದ್ದರಿಂದ ನಾನು ಕೈ ಹಾಕಿ ಹುಡುಕಿದ್ದೆ. ಇವಳ ಕಾಲು ಬಾಯಿಬಿಟ್ಟು ಹೇಳುತ್ತಿತ್ತು. ಅದು ಹೇಳುತ್ತದಲ್ಲ ಎಂಬ ಧೈರ್ಯಕ್ಕೆ ನಾನು ಕೈ ಹಾಕಿರಲೇ ಇಲ್ಲ.

ಅರಳೆ ತೆಗೆದ ಬೂಟಿಗೆ ಕಾರ್ಬನ್ ಕಾಗದ ಹಾಸಿ ಬಸ್‌ಸ್ಟ್ಯಾಂಡಿನಿಂದ ಒಂದು ಕಿಲೋಮೀಟರ್ ಹೋಗಿ ಬರಲು ಹೇಳಿದೆ. ಬಂದ ಮೇಲೆ ಬೆಂಚಿನ ಮೇಲೆ ಕಾಗದ ಬಿಡಿಸಿದೆವು. ಎಲ್ಲ ಬರೆದಿಟ್ಟಂತಿತ್ತು. ಮುಂಗಾಲಿನ ಮೂಳೆಗಳ ಗುರುತು ಒಂದು ಕಡೆ; ಲೋಹದ ಪಟ್ಟಿಯ ಕಪ್ಪು ಅದಕ್ಕಿಂತ ಮುಂದೆ, ಬೆರಳುಗಳ ಬುಡದಲ್ಲಿ. ಎರಡು ಸೈಜು ಉದ್ದದ ಬೂಟಿನಲ್ಲಿ ಸೀಳುಗಳೂ ಅಷ್ಟೇ ಮುಂದಕ್ಕೆ ಹೋಗಿರುತ್ತವೆ. ಕ್ಲೀಟನ್ನು ಪೂರ್ತಿ ಹಿಂದೆ ತಳ್ಳಿದರೂ ಅವಳ ಕಾಲಿಗೆ ಅದು ಇನ್ನೂ ಮುಂದೆಯೇ. ಅದರ ಜೊತೆಗೆ ಬೆವರು ಕುಡಿದ ಅರಳೆ ಗಟ್ಟಿಯಾಗಿ, ಊದಿದ ಬೆರಳುಗಳನ್ನು ಹಿಂದಕ್ಕೆ ಒತ್ತುತ್ತಿತ್ತು.

ಸ್ಕೇಲಿಟ್ಟು ಅಳೆದೆ. "ಇನ್ನೊಂದು ಸೆಂಟಿಮೀಟರ್ ಹಿಂದೆ ಹೋಗಬೇಕು."

"ಸೀಳು ಮುಗ್ದೋಯ್ತಲ್ಲ ಅಮ್ಮಾ," ಎಂದರು ಭಾಯ್.

"ಅಗಲದ ಬೂಟು ತರಿಸಿದರೆ?"

"ತರಿಸ್ಬೋದು. ಬರೋದಕ್ಕೆ ಮೂರು ವಾರ. ಸೈಜ್ ಆಗ್ದಿದ್ರೆ ಮತ್ತೆ ಮೂರು ವಾರ."

ಉಳಿದದ್ದು ಒಂದೇ ದಾರಿ: ಸೀಳನ್ನೇ ಹಿಂದಕ್ಕೆ ಕೊರೆದು ಉದ್ದ ಮಾಡುವುದು. ಬೂಟನ್ನು ಮಗುಚಿ ತಳವನ್ನು ಬೆರಳಿಂದ ಒತ್ತಿ ನೋಡಿದೆ. ರಬ್ಬರು ತಪ್ಪಾದರೆ ಇನ್ನೊಂದು ತುಂಡು ಕತ್ತರಿಸಬಹುದು. ಈ ತಳ ಬಿರುಕು ಬಿಟ್ಟರೆ ಬೂಟೂ ಇಲ್ಲ, ಸವಾರಿಯೂ ಇಲ್ಲ. ಆ ಮಾತನ್ನು ಅವಳಿಗೆ ಬಿಚ್ಚಿ ಹೇಳಿದೆ.

"ನಿಮ್ಗೆ ಗ್ಯಾರಂಟಿನಾ ಮಿಸ್?"

"ಇಲ್ಲ. ಐ ಆ್ಯಮ್ ಗೆಸಿಂಗ್. ಆದರೆ ಈ ಸಲ ಕೈ ಹಾಕಿ ನೋಡಿ ಗೆಸ್ ಮಾಡುತ್ತಿದ್ದೇನೆ."

ಟೀ ಅಂಗಡಿಯ ಹೆಂಗಸು ಎಲ್ಲ ಕೇಳಿಸಿಕೊಂಡಿದ್ದಳು. "ಕೊರೀರಿ ಅತ್ಲಾಗೆ," ಎಂದಳು ಲೋಟ ತೊಳೆಯುತ್ತ. "ಈಗೇನು ಅದು ಚೆಂದಾಗಿ ಕೆಲ್ಸ ಮಾಡ್ತಾ ಐತಾ?"

ಟೀಚರು ಅವಳ ಕಡೆ ನೋಡಿದಳು, ಆಮೇಲೆ ನನ್ನ ಕಡೆ. "ಕೊರೀರಿ," ಎಂದಳು.

ಭಾನುವಾರ ಬೆಳಿಗ್ಗೆ ಗುರುತು ಹಾಕಿದೆವು. ನಮ್ಮ ಸೆಕ್ಷನ್ನಿನಲ್ಲಿ ಇದಕ್ಕೆ ಲಿಪ್‌ಸ್ಟಿಕ್ ಬಳಸುತ್ತಿದ್ದೆವು. ಈಗ ಕುಂಕುಮ ಕಲಸಿದೆ. ಹೆಬ್ಬೆರಳಿನ ಬುಡದ ಗಂಟಿಗೂ ಕಿರುಬೆರಳಿನ ಬುಡದ ಗಂಟಿಗೂ ಒಂದೊಂದು ಬೊಟ್ಟು ಇಟ್ಟು, ಅರಳೆಯಿಲ್ಲದ ಬೂಟಿಗೆ ಕಾಲು ಹಾಕಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿಸಿ ನಿಲ್ಲಿಸಿದೆ. ಹಾಸಿನ ಮೇಲೆ ಎರಡು ಕೆಂಪು ಬೊಟ್ಟು ಮೂಡಿದವು. ಅವೆರಡರ ನಡುವಿನ ಗೆರೆಗಿಂತ ಒಂದಿಷ್ಟು ಹಿಂದೆ ಕ್ಲೀಟು ಕೂರಬೇಕು. ಎರಡೂ ಬೂಟಿಗೆ, ಎರಡೂ ಕಾಲಿಗೆ ಬೇರೆಬೇರೆ ಅಳತೆ. ಯಾರ ಎರಡು ಕಾಲೂ ಒಂದೇ ಅಲ್ಲ.

ಭಾಯ್ ಮೊದಲು ಡ್ರಿಲ್ಲಿನ ಸಣ್ಣ ಬಿಟ್‌ನಿಂದ ಕೊರೆದರು, ಆಮೇಲೆ ಸ್ವಲ್ಪ ದೊಡ್ಡದು. ತಳದ ನೈಲಾನ್ ಕರಗಬಾರದೆಂದು ನಾನು ಪಕ್ಕದಲ್ಲಿ ಕೂತು ಹನಿ ಹನಿ ನೀರು ಬಿಡುತ್ತಿದ್ದೆ. ರಂಧ್ರವನ್ನು ಸೀಳಿಗೆ ಸೇರಿಸಿ ಅರದಿಂದ ಉಜ್ಜಿದರು. ಎರಡನೇ ಬೂಟಿನಲ್ಲಿ ಬಿಟ್ ಜಾರಿ ತಳದ ಮೇಲೆ ಉದ್ದ ಗೀರು ಬಿತ್ತು. ಟೀಚರು ಮುಖ ತಿರುಗಿಸಿಕೊಂಡಳು. "ಶೋಕಿಗೆ ಬಿಡಿ ಅಮ್ಮಾ, ಡಿಸೈನು," ಎಂದರು ಭಾಯ್, ಆದರೆ ಅವರ ಹಣೆಯೂ ಬೆವರಿತ್ತು. ಮುಗಿದ ಮೇಲೆ ಬೆಳಕಿಗೆ ಹಿಡಿದು ನೋಡಿದೆವು. ಬಿರುಕಿರಲಿಲ್ಲ.

ಬೂಟಿನ ಮುಂದೆ ಖಾಲಿ ಜಾಗ ಖಾಲಿಯೇ ಇರಲಿ ಎಂದೆ. ಕಾಲು ಮುಂದೆ ಜಾರದಂತೆ ತಡೆಯಬೇಕಾದ್ದು ಬೆರಳನ್ನು ಒತ್ತಿ ಅಲ್ಲ, ಮೇಲ್ಪಾದವನ್ನು ಹಿಡಿದು. ಉಳಿದಿದ್ದ ಶೀಟಿನಿಂದ ಎರಡು ಪಟ್ಟಿ ಕತ್ತರಿಸಿ ಬೂಟಿನ ನಾಲಗೆಯ ಕೆಳಗೆ ಅಂಟಿಸಿದೆ. ಆ ಶೀಟು ಅಲ್ಲಿಗೆ ಮುಗಿಯಿತು. ಕ್ಲೀಟು ಹಿಂದೆ ಹೋದರೆ ಕಾಲು ಪೆಡಲಿಗೆ ಹೆಚ್ಚು ಚಾಚಬೇಕಾಗುತ್ತದೆಂದು ಮೊದಲ ಪರೀಕ್ಷೆಯಲ್ಲೇ ಗೊತ್ತಾಯಿತು. ಅವಳ ಸೊಂಟ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಭಾಯ್ ಸೀಟನ್ನು ಅರ್ಧ ಬೆರಳು ಇಳಿಸಿದರು. ತೂಗಾಟ ನಿಂತಿತು.

ಸವಾರಿಗೆ ಮುಂಚೆ ದೂರದ ಪರೀಕ್ಷೆ ಆಗಲಿಲ್ಲ. ಶಾಲೆಯಲ್ಲಿ ಯೂನಿಟ್ ಟೆಸ್ಟು. ಅವಳಿಗೆ ರಜೆ ಸಿಗಲಿಲ್ಲ. ತೊಣ್ಣೂರಿನವರೆಗೆ ಮಾತ್ರ ಎರಡು ಸಲ ಹೋಗಿ ಬಂದಳು. ಅಷ್ಟು ದೂರ ಹಳೆಯ ಬೂಟಿನಲ್ಲೂ ನೋಯುತ್ತಿರಲಿಲ್ಲ.

ಸವಾರಿಯ ದಿನ ಬೆಳಿಗ್ಗೆ ಆರಕ್ಕೆ ಸವಾರರೆಲ್ಲ ಹೊರಟರು. ನಾನೂ ಭಾಯಿಯೂ ಮಧ್ಯಾಹ್ನದ ಹೊತ್ತಿಗೆ ಕೆ.ಆರ್. ಪೇಟೆಯ ಅದೇ ಬೆಂಚಿನ ಮೇಲೆ ಕೂತೆವು. ನಾನು ಟವೆಲ್ಲು, ತಣ್ಣೀರು, ಒಂದು ಜೊತೆ ಮೆತ್ತನೆಯ ಚಪ್ಪಲಿ ಎಲ್ಲ ತಂದಿದ್ದೆ. ಅವಳು ವಾಪಸ್ಸು ಮೂರಕ್ಕೆ ಬರಬೇಕಿತ್ತು. ಮೂರಾಯಿತು. ಬೇರೆ ಸವಾರರು ಇಬ್ಬಿಬ್ಬರಾಗಿ ಬಂದು, ಆಯೋಜಕರ ಹುಡುಗನಿಂದ ತಮ್ಮ ಹಾಜರಿ ಕಾರ್ಡಿಗೆ ಸೀಲು ಹಾಕಿಸಿಕೊಂಡು ಹೋದರು. ಮೂರೂವರೆ.

"ಬತ್ತಾಳೆ ಬುಡಿ ಅವ್ವಾ," ಎಂದಳು ಟೀ ಅಂಗಡಿಯವಳು. "ಆ ಚಪ್ಲಿ ಒಳೀಕ್ ಇಟ್ಬುಡಿ. ಅದ ನೋಡುದ್ರೆ ಹಾಕ್ಕೊಬೇಕು ಅನ್ನುಸ್ತದೆ."

ಚಪ್ಪಲಿಯನ್ನು ಚೀಲಕ್ಕೆ ಹಾಕಿದೆ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬಂದಳು. ಹೊಣಕೆರೆ ಹತ್ತಿರ ಪಂಕ್ಚರ್ ಆಗಿತ್ತಂತೆ. ಮುಖದ ಮೇಲೆ ಧೂಳು, ಉಪ್ಪು. ಬೆಂಚಿನಲ್ಲಿ ಜಾಗ ಮಾಡಿದೆ, ಕೂರಲಿಲ್ಲ. ನಿಂತೇ ಕಾರ್ಡಿಗೆ ಸೀಲು ಹಾಕಿಸಿಕೊಂಡು ನಿಂತೇ ನೀರು ಕುಡಿದಳು.

"ಕಾಲು?" ಎಂದೆ.

"ಮಾತಾಡಿಸ್ಬ್ಯಾಡಿ ಮಿಸ್, ಟೈಮಿಲ್ಲ," ಎಂದು ಹೊರಟೇಬಿಟ್ಟಳು. ಖಟ್, ಖಟ್.

"ಅದೇನು ನೋಯ್ತಿದ್ಯೋ ಇಲ್ವೋ?" ಎಂದು ಭಾಯ್ ನನ್ನನ್ನು ಕೇಳಿದರು. ನನಗೇನು ಗೊತ್ತು? ನಲವತ್ತು ವರ್ಷ ಕಾಲು ಓದಿದವಳು ಅವಳು ಪೆಡಲಿನಿಂದ ಪಾದ ಬಿಡಿಸಿ ಒದರುತ್ತಾಳೇನೋ ಎಂದು ರಸ್ತೆಯ ತಿರುವಿನವರೆಗೆ ನೋಡಿದೆ. ಒದರಲಿಲ್ಲ.

ಸವಾರಿ ಮುಗಿಯುವ ಜಾಗ ಶ್ರೀರಂಗಪಟ್ಟಣದಲ್ಲಿ, ಹೊಳೆಯ ಹತ್ತಿರ. ಏಳೂವರೆಗೆ ಗಡುವು. ಏಳಾದಾಗ ಬೆಳಕು ಹೋಗಿತ್ತು. ಏಳೂಕಾಲಿಗೆ ದೂರದಲ್ಲಿ ಒಂದು ಸಣ್ಣ ಬಿಳಿ ದೀಪ ಕಾಣಿಸಿತು. ನಿಧಾನವಾಗಿ, ಅಲುಗಾಡದೆ ಬಂತು. ಕಾರ್ಡಿಗೆ ಕೊನೆಯ ಸೀಲು ಬಿದ್ದಾಗ ಗಡುವಿಗೆ ಇನ್ನೂ ಹನ್ನೊಂದು ನಿಮಿಷ ಇತ್ತು. ಅವಳು ಅಲ್ಲೇ ಕಲ್ಲಿನ ಕಟ್ಟೆಯ ಮೇಲೆ ಕುಸಿದಳು.

"ಎಲ್ಲಿ ನೋವು?" ಎಂದೆ. ಮೊದಲ ದಿನ ಕೇಳಬೇಕಿದ್ದ ಹಾಗೆ, ನಿಧಾನವಾಗಿ.

"ಎಲ್ಲಾ ಕಡೆ ಮಿಸ್. ಕತ್ತು, ಬೆನ್ನು, ಅಂಗೈ, ಮಂಡಿ. ಕೂರಕ್ಕಾಯ್ತಿಲ್ಲ, ನಿಲ್ಲಕ್ಕಾಯ್ತಿಲ್ಲ." ಉಸಿರು ಎಳೆದುಕೊಂಡು ನಕ್ಕಳು. "ಅಲ್ಲೊಂದು ಬುಟ್ಟು. ಬೆರಳೈದೂ ಐತೆ, ಎಣುಸ್ಕೊಂಡೇ ಬಂದೆ. ಸೋಮವಾರ ಪ್ರೇಯರಲ್ಲಿ ಅರಳೆ ಕತೆನೂ ಹೇಳ್ಬುಡ್ತೀನಿ."

ಬಗ್ಗಲು ಅವಳಿಗೆ ಆಗುತ್ತಿರಲಿಲ್ಲ. ನಾನೇ ಕೆಳಗೆ ಕೂತು ಪಟ್ಟಿ ಬಿಚ್ಚಿ ಬಲಗಾಲಿನ ಬೂಟು ತೆಗೆದೆ. ಭಾಯ್ ಕೈಲಿದ್ದ ಟಾರ್ಚ್ ಹಿಡಿದರು, ಬೇಡ ಎಂದೆ. ಕೈಯನ್ನು ಒಳಗೆ, ಪೂರ್ತಿ ತುದಿಯವರೆಗೆ ಹಾಕಿದೆ. ಅಲ್ಲಿ ಏನೂ ಇರಲಿಲ್ಲ. ಬೆಚ್ಚಗಿತ್ತು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದೆ.